ಬಲಗಡೆ ಸೀಟು

ಜುಲೈ 8, ಸೋಮವಾರ

ಕೊನೆಗೂ ಸೇರಿದೆ. ಇಷ್ಟಪಟ್ಟು ಸೇರಿದ್ದೇನಲ್ಲ, ಬೇರೆ ದಾರಿ ಕಾಣಲಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದು ವರ್ಷಗಳಾದವು. ಎರಡು ಎಂಜಿನ್ನಿನ ವಿಮಾನದ ರೇಟಿಂಗ್ ಆಯಿತು, ಮೋಡದೊಳಗೆ ಮೀಟರುಗಳನ್ನಷ್ಟೇ ನಂಬಿ ಹಾರಿಸುವ ರೇಟಿಂಗೂ ಆಯಿತು. ಏರ್‌ಲೈನ್‌ನವರು ಕರೆಯುತ್ತಾರೆ, ಪರೀಕ್ಷೆ ಮಾಡುತ್ತಾರೆ, ತಿಳಿಸುತ್ತೇವೆ ಅನ್ನುತ್ತಾರೆ. ಆಮೇಲೆ ಸುದ್ದಿಯಿಲ್ಲ. ನನ್ನ ಜೊತೆ ಕಲಿತ ಸಿಂಧು ಏರ್‌ಬಸ್ಸಿನಲ್ಲಿ ಕೂತು ಮೋಡದ ಫೋಟೊ ಕಳಿಸುತ್ತಾಳೆ. ನಾನು ಹೆಬ್ಬೆರಳಿನ ಚಿತ್ರ ಒತ್ತಿ ಫೋನ್ ಪಕ್ಕಕ್ಕಿಡುತ್ತೇನೆ. ಹಾರಾಟದಲ್ಲಿ ಉಳಿಯಬೇಕಾದರೆ ನನಗೆ ಉಳಿದಿರುವುದು ಇನ್‌ಸ್ಟ್ರಕ್ಟರ್ ರೇಟಿಂಗ್ ಒಂದೇ. ಹಾರುವುದನ್ನು ಕಲಿಸುವುದು ಹೇಗೆಂದು ಕಲಿಯುವ ತರಬೇತಿ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಪೈಲಟ್ ಆದ್ಮೇಲೂ ಓದೋದಾ? ಈಗ ಏನಾಗೋಕೆ?"

"ಪೈಲಟ್ ಆಗೋರಿಗೆ ಹೇಳ್ಕೊಡೋಕೆ."

"ಮೇಷ್ಟ್ರಾಗೋಕಾ? ಅದಕ್ಕೆ ಅಷ್ಟು ಮೇಲಕ್ಕೆ ಯಾಕೆ ಹೋಗ್ಬೇಕಿತ್ತು? ನಮ್ಮ ಅನುಗೊಂಡನಹಳ್ಳಿ ಸ್ಕೂಲಲ್ಲೇ ಆಗ್ಬೋದಿತ್ತಲ್ಲ."

ಅಮ್ಮ ತಮಾಷೆಗೆ ಹೇಳಿದ್ದಲ್ಲ. ಅದಕ್ಕೇ ಇನ್ನೂ ಉರಿಯಿತು.

ದೊಡ್ಡಬಳ್ಳಾಪುರದಲ್ಲಿ ರೂಮು ಸಿಕ್ಕಿದೆ. ಕೆಳಗೆ ಪವರ್‌ಲೂಮ್, ಮೇಲೆ ನಾನು. ಮಗ್ಗದ ಸದ್ದಿಗೆ ಮಂಚ ಕೂಡ ಅಲುಗುತ್ತದೆ. ಮನೆಯ ಯಜಮಾನಿ ನರಸಮ್ಮ ಮಾತ್ರ, "ಎರಡು ದಿನ ಕಣಮ್ಮ, ಆಮೇಲೆ ಸದ್ದು ನಿಂತ್ರೇನೇ ಎಚ್ಚರಾಗೋದು" ಅಂದರು.

ಜುಲೈ 11, ಗುರುವಾರ

ಎಡಗಡೆ ಸೀಟು ವಿದ್ಯಾರ್ಥಿಯದ್ದು, ಬಲಗಡೆ ಸೀಟು ಕಲಿಸುವವರದ್ದು. ಇಷ್ಟು ವರ್ಷ ಎಡಕ್ಕೆ ಕೂತು ಎಡಗೈಯಲ್ಲಿ ಕಂಟ್ರೋಲು, ಬಲಗೈಯಲ್ಲಿ ಎಂಜಿನ್ನಿನ ಥ್ರಾಟಲ್ ಹಿಡಿದವಳು ನಾನು. ಇವತ್ತು ಎಲ್ಲ ತಿರುಗುಮುರುಗು. ರನ್‌ವೇ ಮಧ್ಯದ ಗೆರೆ ಕೂಡ ಓರೆಯಾಗಿ ಕಂಡಿತು. ಹೊಸಬಳ ಹಾಗೆ ಧೊಪ್ಪೆಂದು ಇಳಿಸಿದೆ. ನಾಚಿಕೆಯಾಯಿತು.

ನನಗೆ ತರಬೇತಿ ಕೊಡುವವರು ಉಮಾಶಂಕರ್ ಸರ್. ಅರವತ್ತು ದಾಟಿದ್ದಾರೆ. ಜುಲೈ ತಿಂಗಳಲ್ಲೂ ತೋಳಿಲ್ಲದ ಸ್ವೆಟರ್ ಹಾಕಿಕೊಂಡು ನೆಲಮಂಗಲದಿಂದ ಬೈಕಿನಲ್ಲಿ ಬರುತ್ತಾರೆ. ಈ ಕಡೆಯ ಅರ್ಧಕ್ಕರ್ಧ ಪೈಲಟ್‌ಗಳು ಅವರ ಕೈಯಲ್ಲೇ ಕಲಿತವರಂತೆ. ಅವರ ಪಾಠದ ಕ್ರಮ ವಿಚಿತ್ರ. ಅವರು ಎಡಕ್ಕೆ ಕೂತು ಏನೂ ಗೊತ್ತಿಲ್ಲದ ವಿದ್ಯಾರ್ಥಿಯಾಗುತ್ತಾರೆ. ನಾನು ಕಲಿಸಬೇಕು.

"ನನ್ನ ಹೆಸರು ಗುರು," ಅಂದರು, ಬಾಗಿಲು ಹಾಕಿಕೊಳ್ಳುತ್ತಲೇ. "ಪಿಯುಸಿ ಪಾಸಾಗಿದೀನಿ. ವಿಮಾನ ಅಂದ್ರೆ ಆಸೆ, ಒಳಗೆ ಕೂತ್ರೆ ಭಯ. ಹೇಳ್ಕೊಡಿ ಮೇಡಂ."

"ಸರ್, ನಿಮ್ಮನ್ನ ಗುರು ಅಂತ ಹೇಗೆ ಕರೀಲಿ?"

"ಸರ್ ಯಾರು ಇಲ್ಲಿ? ನಾನು ಗುರು. ನನಗೆ ಆಟ ನಿಲ್ಲಿಸ್ಬೇಕು ಅನ್ನಿಸ್ದಾಗ 'ಆಟ ಸಾಕು' ಅಂತೀನಿ. ಅಲ್ಲೀವರೆಗೂ ನಾನು ಏನೂ ಗೊತ್ತಿಲ್ದೋನು."

ನಿಜಕ್ಕೂ ಏನೂ ಗೊತ್ತಿಲ್ಲದವರಾದರು. ನೇರ ಹಾರಿಸು ಅಂದರೆ ಮೂತಿ ಎತ್ತಿದರು. ಇಳಿಸು ಅಂದರೆ ಪೂರ್ತಿ ತಳ್ಳಿದರು. ನಾನು ಕಂಟ್ರೋಲ್ ಕಿತ್ತುಕೊಂಡೆ. ಮತ್ತೆ ಕೊಟ್ಟೆ. ಮತ್ತೆ ಕಿತ್ತುಕೊಂಡೆ. ಇಳಿದ ಮೇಲೆ ಅವರು ಕೇಳಿದರು, "ಯಾಕೆ ಮುಟ್ದೆ?"

"ಸರ್, ವಿಮಾನ ಕೆಳಗೆ ಹೋಗ್ತಿತ್ತು."

"ಹೋಗ್ಲಿ. ನಮ್ಮ ಕೆಳಗೆ ಬೇಕಾದಷ್ಟು ಆಕಾಶ ಇತ್ತು. ಹುಡುಗ ತಾನೇ ನೋಡಿ ಸರಿಮಾಡ್ಕೊಳ್ಳೋಕೆ ಬಿಟ್ಯಾ?"

ಬಿಡಲಿಲ್ಲ. ಯಾಕೆ ಬಿಡಬೇಕು? ನನಗೆ ಹಾರಿಸುವುದು ಗೊತ್ತಿದೆ.

ಜುಲೈ 16, ಮಂಗಳವಾರ

ಮಳೆ. ಹಾರಾಟವಿಲ್ಲ. ನಿನ್ನೆ ಬಿಸಿಲಿತ್ತು, ಆದರೆ ವಿಮಾನದ ಬಿಡಿಭಾಗ ಬಂದಿರಲಿಲ್ಲ. ಮೊನ್ನೆ ಎರಡೂ ಸರಿ ಇದ್ದವು. ದೇವನಹಳ್ಳಿಗೆ ಇಳಿಯುವ ದೊಡ್ಡ ವಿಮಾನಗಳ ಸಾಲು ಮುಗಿಯುವವರೆಗೆ ನಮಗೆ ಅನುಮತಿ ಸಿಗಲಿಲ್ಲ. ಎಂಜಿನ್ ಆರಿಸಿ, ರೆಕ್ಕೆಯ ನೆರಳಲ್ಲಿ ಕೂತು ಕಡಲೆಕಾಯಿ ತಿಂದು ಬಂದೆವು.

ನರಸಮ್ಮನವರು ಮಗಳಿಗೆ ಫೋಟೊ ಕಳಿಸುವುದು ಹೇಗೆ ಅಂತ ಫೋನ್ ತಂದರು. ಒಂದೊಂದು ಗುಂಡಿಗೂ ಯೋಚಿಸುತ್ತಾರೆ. "ಕೊಡಿ ಇಲ್ಲಿ" ಅಂತ ತೆಗೆದುಕೊಂಡು ಕಳಿಸಿಕೊಟ್ಟೆ. ನಿಮಿಷದ ಕೆಲಸ. ಅವರು ಇನ್ನೂ ಏನೋ ಕೇಳಬೇಕೆಂದು ನಿಂತಿದ್ದರು. ನಾನು ಪುಸ್ತಕ ತೆರೆದೆ, ಹೋದರು.

ಜುಲೈ 23, ಮಂಗಳವಾರ

ಕೈ ಮಾಡುವುದನ್ನು ಬಾಯಿ ಹೇಳುತ್ತಿರಬೇಕು. ಇದು ಈ ರೇಟಿಂಗಿನ ಅರ್ಧ ಪರೀಕ್ಷೆ. ಪುಸ್ತಕದಲ್ಲಿರುವ ವಿವರಣೆಯನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದೇನೆ. ಇವತ್ತು ಸ್ಟಾಲ್ ತೋರಿಸಬೇಕಿತ್ತು. ಮೂತಿ ತೀರಾ ಮೇಲೆತ್ತಿದಾಗ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಕುಸಿಯುತ್ತದಲ್ಲ, ಅದು. ನಾನು ಇನ್ನೂ ಎರಡನೇ ವಾಕ್ಯದಲ್ಲಿದ್ದೆ, ವಿಮಾನ ಆಗಲೇ ಕುಸಿದಿತ್ತು.

"ಮೇಡಂ," ಅಂದ ಗುರು, "ನೀವು ಹೇಳ್ತಿರೋದು ಯಾವ ವಿಮಾನದ್ದು?"

ನನಗೆ ನಗು ಬರಲಿಲ್ಲ. ಇಳಿದ ಮೇಲೆ ಸರ್ ತಮ್ಮ ದನಿಗೆ ಬಂದರು. "ನೀನು ರೇಡಿಯೋ ವಾರ್ತೆ ಓದ್ದಂಗೆ ಓದ್ತೀಯ ಪದ್ಮಶ್ರೀ. ಎದುರುಗಡೆ ಒಬ್ಬ ಮನುಷ್ಯ ಕೂತಿದಾನೆ, ಬೆವರ್ತಿದಾನೆ. ಅವನಿಗೆ ಹೇಳು."

"ನೀವು ಬೆವರ್ತಿರ್ಲಿಲ್ಲ ಸರ್."

"ನೋಡಿದ್ಯಾ?"

ನೋಡಿರಲಿಲ್ಲ. ಆದರೂ ಆ ಮಾತು ಇಡೀ ದಿನ ಚುಚ್ಚಿತು. ಸಿಂಧು ಇವತ್ತು ಸೂರ್ಯೋದಯದ ಫೋಟೊ ಹಾಕಿದ್ದಾಳೆ.

ಆಗಸ್ಟ್ 2, ಶುಕ್ರವಾರ

ಜಗಳವಾಡಿದೆ. ಸರ್ ಎದುರಿಗೆ ಅಷ್ಟು ಜೋರಾಗಿ ಮಾತಾಡಬಾರದಿತ್ತು. ಲ್ಯಾಂಡಿಂಗಿಗೆ ಬರುವಾಗ ಗುರು ವಿಮಾನವನ್ನು ಒಂದು ಬದಿಗೆ ಸರಿಯಬಿಟ್ಟ. ನಾನು ಕಂಟ್ರೋಲ್ ತೆಗೆದುಕೊಂಡೆ. ಅವರು ಅಲ್ಲೇ "ಆಟ ಸಾಕು" ಅಂದು, ತಾವೇ ಇಳಿಸಿ, ಹ್ಯಾಂಗರ್ ಮುಂದೆ ಎಂಜಿನ್ ಆರಿಸಿದರು.

"ನಿನಗೆ ಯಾವಾಗ್ಲೂ ನಿನ್ನ ಕೈಯೇ ಬೇಕು," ಅಂದರು. "ಹಂಗಾದ್ರೆ ಎಡಗಡೆನೇ ಕೂತ್ಕೋ. ಬಲಗಡೆಗೆ ಯಾಕೆ ಬಂದೆ?"

"ಬೇರೆ ಕೆಲ್ಸ ಸಿಕ್ಕಿದ್ರೆ ಬರ್ತಿರ್ಲಿಲ್ಲ ಸರ್. ನಿಮಗೂ ಗೊತ್ತು."

ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟ. ಸ್ವೆಟರಿನ ಅಂಚು ಎಳೆದುಕೊಂಡು, "ಗೊತ್ತು. ಸುಮಾರು ಜನ ಹಂಗೇ ಬರ್ತಾರೆ. ನಾನೂ ಹಂಗೇ ಬಂದೋನು" ಅಂದು ಬೈಕಿನ ಕಡೆಗೆ ನಡೆದರು.

ಬಿಟ್ಟುಬಿಡಬೇಕು ಅನ್ನಿಸುತ್ತಿದೆ. ಬಿಟ್ಟು ಏನು ಮಾಡುವುದು?

ಆಗಸ್ಟ್ 14, ಬುಧವಾರ

ಅವರು ಹೊಸದೊಂದು ಶಿಕ್ಷೆ ಕಂಡುಹಿಡಿದಿದ್ದಾರೆ. ನಾನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಬಾಯಲ್ಲಿ ಹೇಳಿಯೇ ಗುರುವಿನ ಕೈಯಲ್ಲಿ ವಿಮಾನ ನೇರ ಮಾಡಿಸಬೇಕು. ಅಪಾಯ ಅನ್ನಿಸಿದರೆ ಮಾತ್ರ ಕೈ ತೆಗೆಯಬಹುದು. ಅನ್ನಿಸಿದ್ದು ತಪ್ಪಾದರೆ ಇಡೀ ಪಾಠ ಮೊದಲಿನಿಂದ.

ಮೊದಲಿನಿಂದ ಎಷ್ಟು ಸಲ ಶುರುವಾಯಿತೋ ಲೆಕ್ಕವಿಡಲಿಲ್ಲ. ಬೆರಳುಗಳು ಜೋಮು ಹಿಡಿದವು. ಕೊನೆಯ ಸಲ ಗುರು ವಿಮಾನವನ್ನು ಬಲಕ್ಕೆ ವಾಲಿಸಿದಾಗ, ಬೇಸರದಿಂದಲೇ, ಮಾಕಳಿ ಬೆಟ್ಟ ನೋಡು ಅಂದೆ. "ಅದು ಕಿಟಕೀಲಿ ಹೇಗಿದೆ? ನೆಟ್ಟಗಿದ್ಯಾ? ಅದನ್ನ ನೆಟ್ಟಗೆ ಮಾಡು." ಗುರು ಮಾಡಿದ. ವಿಮಾನವೂ ನೆಟ್ಟಗಾಯಿತು.

ಪುಸ್ತಕದಲ್ಲಿ ಇಲ್ಲದ ಮಾತು, ಬೈಸಿಕೊಳ್ಳುತ್ತೇನೆ ಅಂದುಕೊಂಡೆ. ಸರ್ ಡಬ್ಬಿ ಬಿಚ್ಚಿದರು. ತಮಗೆ ತಂದಿದ್ದ ಚಿತ್ರಾನ್ನದಲ್ಲಿ ನನಗೂ ಹಾಕಿದರು. "ನಮ್ಮನೇವ್ರು ಉಪ್ಪು ಕಮ್ಮಿ ಮಾಡಿದಾರೆ, ಬಿಪಿ ಅಂತ. ಬೇಜಾರು ಮಾಡ್ಕೋಬೇಡ" ಅಂದರು. ಉಪ್ಪೇ ಇರಲಿಲ್ಲ.

ಆಗಸ್ಟ್ 27, ಮಂಗಳವಾರ

ಇವತ್ತು ಒಮ್ಮೆಯೂ ಮುಟ್ಟಲಿಲ್ಲ. ಹೊಗಳಿಕೆಯೇನೂ ಬರಲಿಲ್ಲ. "ಈಗ ಸ್ವಲ್ಪ ಮೇಷ್ಟ್ರ ವಾಸ್ನೆ ಬರ್ತಿದೆ" ಅಂದರು, ಅಷ್ಟೆ. ಮುಂದಿನ ತಿಂಗಳು ಪರೀಕ್ಷೆಗೆ ಹೆಸರು ಕಳಿಸುತ್ತಾರಂತೆ. ಮುಗಿದರೆ ಸಾಕು. ಹಾರಾಟದ ಗಂಟೆ ಕೂಡಿಸಿಕೊಂಡು ಏರ್‌ಲೈನಿಗೆ ಹೋಗಿಬಿಡುತ್ತೇನೆ.

ನರಸಮ್ಮನವರು ನನ್ನ ಸಂಜೆಯನ್ನೆಲ್ಲ ತಿಂದುಹಾಕಿದರು. ಫೋಟೊ ಕಳಿಸಲು ಅವರೇ ಹುಡುಕಿ ಹುಡುಕಿ ಒತ್ತಿ, ಮೂರು ಸಲ ತಪ್ಪಿ ಮೈದುನನಿಗೆ ಕಳಿಸಿ, ಆಮೇಲೆ ಮಗಳಿಗೆ ಕಳಿಸಿದರು. ಕಾಫಿ ಆರಿಹೋಯಿತು.

ಸೆಪ್ಟೆಂಬರ್ 4, ಬುಧವಾರ

ಬರೆಯಲು ಕೈ ಏಳುತ್ತಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಘಾಟಿ ದೇವಸ್ಥಾನದ ಕಡೆ ತಿರುವುಗಳ ಪಾಠ. ಗುರು ಎಡಕ್ಕೆ ತಿರುಗಬೇಕು, ಎತ್ತರ ಕಳೆದುಕೊಳ್ಳಬಾರದು. ತಿರುಗಿಸಿದರು. ಮೂತಿ ನಿಧಾನವಾಗಿ ಕೆಳಗಾಯಿತು. ಯಾವಾಗಲೂ ಮಾಡುವ ತಪ್ಪೇ. ನಾನು ಕೈ ತೊಡೆಯ ಮೇಲಿಟ್ಟುಕೊಂಡು, "ಗುರು, ಎದುರುಗಡೆ ದಿಗಂತ ನೋಡು, ಎಲ್ಲಿದೆ?" ಅಂದೆ.

ಉತ್ತರವಿಲ್ಲ. ಎಡ ರೆಕ್ಕೆ ಇನ್ನೂ ತಗ್ಗಿತು.

"ಗುರು, ಎಡ ರೆಕ್ಕೆ ನೋಡು."

ಅವರು ಏನೋ ಗೊಣಗಿದರು. ಹೆಡ್‌ಸೆಟ್ಟಿನಲ್ಲಿ ಸ್ಪಷ್ಟವಾಗಿ ಕೇಳಿಸಲಿಲ್ಲ. ಮಾತು ತೊದಲುವ, ಹೆದರಿದ ಹುಡುಗನ ಪಾತ್ರ ಅಂದುಕೊಂಡೆ. ಹೋದ ವಾರ ಅಂಥದ್ದೇ ಒಂದು ಮಾಡಿದ್ದರು. ನಾನು ಕಾದೆ. ಅವರು ಕಲಿಸಿದಂತೆ ಕಾದೆ. ಮತ್ತೆ ಗೊಣಗಿದರು. "ಆತ... ಥಾ..."

ಆಗ ತಿರುಗಿ ಅವರ ಮುಖ ನೋಡಿದೆ. ಬಾಯಿ ಒಂದು ಕಡೆ ಜಾರಿತ್ತು. ಎಡಗೈ ಕಂಟ್ರೋಲ್ ಬಿಟ್ಟು ಮಡಿಲಲ್ಲಿ ಬಿದ್ದಿತ್ತು, ಅವರದೇ ಅಲ್ಲವೆಂಬಂತೆ. ಅವರು ಹೇಳುತ್ತಿದ್ದದ್ದು 'ಆಟ ಸಾಕು'.

"ಸರ್" ಅಂದೆ. ಆಮೇಲೆ, "ಐ ಹ್ಯಾವ್ ಕಂಟ್ರೋಲ್." ವಿಮಾನ ನೆಟ್ಟಗೆ ಮಾಡಿದೆ. ರೇಡಿಯೋದಲ್ಲಿ ಮೇಡೇ ಎಂಬ ಅಪಾಯದ ಕರೆ ಕೊಟ್ಟು, ಪೈಲಟ್‌ಗೆ ಸ್ಟ್ರೋಕ್ ಆದಂತಿದೆ, ಆಂಬುಲೆನ್ಸ್ ಬೇಕು ಅಂದೆ. ಉಳಿದ ವಿಮಾನಗಳನ್ನೆಲ್ಲ ದೂರ ಇಟ್ಟು ನಮಗೆ ದಾರಿ ಬಿಟ್ಟರು. ಅವರ ದೇಹ ಮುಂದಕ್ಕೆ ವಾಲದ ಹಾಗೆ ಎಡಗೈಯಿಂದ ಅವರ ಭುಜದ ಪಟ್ಟಿ ಬಿಗಿ ಮಾಡಿದೆ. ದಾರಿಯುದ್ದಕ್ಕೂ ಅವರ ಜೊತೆ ಮಾತಾಡುತ್ತಲೇ ಇದ್ದೆ. ಈಗ ವೇಗ ಇಳಿಸ್ತಿದೀನಿ ಸರ್. ಈಗ ಫ್ಲ್ಯಾಪ್ ಬಿಡ್ತೀನಿ, ಮೂತಿ ಸ್ವಲ್ಪ ಏಳುತ್ತೆ, ಗಾಬರಿಯಾಗ್ಬೇಡಿ. ರನ್‌ವೇ ಕಾಣ್ತಿದ್ಯಾ? ಆ ಕೆರೆ ದಂಡೆ ದಾಟಿದ್ರೆ ಬಂದ್ವಿ. ಗಾಳಿ ಪಶ್ಚಿಮದಿಂದ ಇದೆ, ಅದಕ್ಕೇ ರೆಕ್ಕೆ ಹೀಗೆ ಇಳಿಸಿದೀನಿ. ಯಾಕೆ ಮಾತಾಡಿದೆನೋ ಗೊತ್ತಿಲ್ಲ. ಅವರ ಕಣ್ಣು ತೆರೆದಿತ್ತು. ಬಾಯಿ ಮುಚ್ಚಿದರೆ ಅವರು ಹೋಗಿಬಿಡುತ್ತಾರೆ ಅನ್ನಿಸಿತ್ತು.

ಇಳಿದದ್ದು ಗೊತ್ತಾಗಲಿಲ್ಲ. ಆಂಬುಲೆನ್ಸ್ ಬಂದಿತ್ತು. ಅವರನ್ನು ಇಳಿಸಿಕೊಳ್ಳುವಾಗ ಸ್ವೆಟರ್ ಬಾಗಿಲಿಗೆ ಸಿಕ್ಕಿ ಹರಿಯಿತು.

ನಾನು ಕಾದೆ. ಅವರು ಎರಡು ಸಲ ಹೇಳಿದರು, ನಾನು ಕಾದೆ.

ಸೆಪ್ಟೆಂಬರ್ 5, ಗುರುವಾರ

ಫೋನಿನ ತುಂಬ ಶಿಕ್ಷಕರ ದಿನದ ಶುಭಾಶಯಗಳು. ಯಾವುದನ್ನೂ ತೆರೆಯಲಿಲ್ಲ. ಸರ್ ಐಸಿಯುನಲ್ಲಿದ್ದಾರೆ. ಜೀವಕ್ಕೆ ಅಪಾಯವಿಲ್ಲವಂತೆ. ಬೇಗ ತಂದದ್ದು ಒಳ್ಳೆಯದಾಯಿತು ಅಂದರಂತೆ ಡಾಕ್ಟರು. ಬೇಗ ಅನ್ನುವ ಮಾತು ನನಗೆ ಸಹಿಸಲಾಗುತ್ತಿಲ್ಲ.

ಸೆಪ್ಟೆಂಬರ್ 19, ಗುರುವಾರ

ಸರ್ ಇನ್ನು ಹಾರುವಂತಿಲ್ಲ. ಮೆಡಿಕಲ್ ಸರ್ಟಿಫಿಕೇಟ್ ಹೋಯಿತು. ಎಲ್ಲರೂ ಇದನ್ನು ಮೆಲ್ಲಗೆ, ಬಾಗಿಲ ಮರೆಯಲ್ಲಿ ಹೇಳುತ್ತಾರೆ.

ಇನ್ನು ಅನಿಲ್‌ಕುಮಾರ್ ಸರ್ ನನ್ನ ತರಬೇತಿ ಮುಗಿಸುತ್ತಾರೆ. ವಯಸ್ಸಿನಲ್ಲಿ ನನಗಿಂತ ಅಷ್ಟೇನೂ ದೊಡ್ಡವರಲ್ಲ. ಒಳ್ಳೆಯವರು. ನಟನೆ ಬರುವುದಿಲ್ಲ, ತಪ್ಪು ಮಾಡುವ ಮೊದಲು "ಈಗ ತಪ್ಪು ಮಾಡ್ತೀನಿ ನೋಡಿ" ಅಂತಲೇ ಹೇಳುತ್ತಾರೆ. ಹಾಗೆ ಹೇಳಿದರೂ ನಾನು ತಡೆದುಕೊಳ್ಳಲಾರೆ. ರೆಕ್ಕೆ ಒಂದು ಬೆರಳಷ್ಟು ತಗ್ಗಿದರೆ ಅವರ ಮುಖ ನೋಡುತ್ತೇನೆ, ಬಾಯಿ ನೋಡುತ್ತೇನೆ, ಅಷ್ಟರಲ್ಲಿ ಕಂಟ್ರೋಲ್ ನನ್ನ ಕೈಯಲ್ಲಿರುತ್ತದೆ.

"ನಾನು ಚೆನ್ನಾಗಿದೀನಿ ಪದ್ಮಶ್ರೀ," ಅಂದರು ಇವತ್ತು. "ಊಟನೂ ಮಾಡಿದೀನಿ. ಸ್ವಲ್ಪ ತಪ್ಪು ಮಾಡೋಕೆ ಬಿಡ್ತೀರಾ?"

ಎರಡು ತಿಂಗಳು ಕಲಿತದ್ದು ಎಲ್ಲಿ ಹೋಯಿತೋ. ಮೊದಲ ದಿನಕ್ಕಿಂತ ಕೆಟ್ಟಿದ್ದೇನೆ. ಆಗ ಕಾಯುವುದು ಗೊತ್ತಿರಲಿಲ್ಲ. ಈಗ ಕಾಯಲು ಹೆದರಿಕೆ.

ಅಕ್ಟೋಬರ್ 3, ಗುರುವಾರ

ಫೇಲ್.

ಪರೀಕ್ಷಕರು ಹೊರಗಿನಿಂದ ಬಂದವರು, ಕಡಿಮೆ ಮಾತಿನವರು. ವಿದ್ಯಾರ್ಥಿಯಾಗಿ ಕೂತು ಏರುವಾಗ ಮೂತಿ ಸ್ವಲ್ಪ ಹೆಚ್ಚು ಎತ್ತಿದರು. ಕಿತ್ತುಕೊಂಡೆ. ತಿರುಗುವಾಗ ಸ್ವಲ್ಪ ಹೆಚ್ಚು ವಾಲಿಸಿದರು. ಕಿತ್ತುಕೊಂಡೆ. ಮೂರನೆಯ ಸಲ ಅವರು ಏನೂ ಮಾಡಿರಲಿಲ್ಲ, ನೀರಿನ ಬಾಟಲಿಗೆ ಕೈ ಚಾಚಿದ್ದರು.

"ಒಳ್ಳೆ ಪೈಲಟ್ ನೀವು," ಅಂದರು ಇಳಿದ ಮೇಲೆ. "ನಿಮ್ಮ ಪಕ್ಕದಲ್ಲಿ ಕೂತೋರು ಮಾತ್ರ ಯಾವತ್ತೂ ಪೈಲಟ್ ಆಗಲ್ಲ."

ರೂಮಿಗೆ ಬಂದು ಮಲಗಿದೆ. ಅಮ್ಮನ ಫೋನು ಎತ್ತಲಿಲ್ಲ. ಇವತ್ತು ಮಗ್ಗಗಳಿಗೆ ರಜೆಯಂತೆ. ಮೌನಕ್ಕೆ ಎಚ್ಚರವಾಗುತ್ತಿದೆ.

ಅಕ್ಟೋಬರ್ 8, ಮಂಗಳವಾರ

ಇಷ್ಟು ದಿನ ತಪ್ಪಿಸಿಕೊಂಡು, ಇವತ್ತು ನೆಲಮಂಗಲಕ್ಕೆ ಹೋದೆ. ಸರ್ ಹೆಂಡತಿ ವಾಣಿಶ್ರೀ ಆಂಟಿ ಬಾಗಿಲು ತೆಗೆದರು. ಕಣ್ಣಿನ ಕೆಳಗೆ ಕಪ್ಪಾಗಿದೆ. "ಬಾಮ್ಮ. ಯಾರ ಹತ್ರಾನೂ ಮಾತಾಡಲ್ಲ ಇವ್ರು. ನೀನು ಫೇಲಾದ ವಿಷ್ಯ ಅನಿಲ್‌ಕುಮಾರ್ ಹೇಳಿದ್ರು, ಇವ್ರಿಗೆ ಹೇಳ್ಬೇಡ" ಅಂದರು.

ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಸ್ವೆಟರಿಲ್ಲದೆ ಸಣ್ಣಗೆ ಕಂಡರು. ಆಂಟಿ ಅವರಿಗೆ ಕಾಫಿ ಕುಡಿಸಿದರು, ಬಾಯಿ ಒರೆಸಿದರು, ನಾನು ಕೇಳಿದ್ದಕ್ಕೆಲ್ಲ ಅವರ ಪರವಾಗಿ ಉತ್ತರ ಹೇಳಿದರು. "ನಿದ್ದೆ ಬರತ್ತೆ. ಊಟ ಸೇರಲ್ಲ. ಕೈಗೆ ದಿನಾ ವ್ಯಾಯಾಮ ಮಾಡಿಸ್ತಾರೆ." ಸರ್ ಗೋಡೆ ನೋಡುತ್ತಿದ್ದರು.

ಆಂಟಿ ಒಳಗೆ ಹೋದಾಗ ಸರ್ ನನ್ನ ಕಡೆ ತಿರುಗಿದರು. "ಪ... ಪರೀ..."

"ಪರೀಕ್ಷೆ ಆಯ್ತು ಸರ್. ಅದು..."

ಬಲಗೈಯಿಂದ ಕುರ್ಚಿಯ ತೋಳಿಗೆ ಹೊಡೆದರು. ಮುಖ ಕೆಂಪಾಯಿತು. ನಾನು ಸುಮ್ಮನಾದೆ. ಅವರು ಮತ್ತೆ ಮೊದಲಿನಿಂದ ಶುರುಮಾಡಿದರು. ಒಂದೊಂದು ಅಕ್ಷರ ಎಲ್ಲಿಂದಲೋ ಹೊತ್ತು ತಂದು ಇಡುವಂತೆ. ನಡುವೆ ನನಗೆ ಆ ಪದ ಯಾವುದೆಂದು ಎಷ್ಟೋ ಸಲ ಗೊತ್ತಾಯಿತು, ನಾಲಿಗೆಯ ತುದಿಗೂ ಬಂತು. ಹೇಳಲಿಲ್ಲ. ಅವರ ಬಾಯಿಯನ್ನೇ ನೋಡುತ್ತಾ ಕೂತೆ.

"ಪರೀಕ್ಷೆ... ಯಾಕೆ... ಹೋಯ್ತು?"

ಹೇಳಿಬಿಟ್ಟೆ. ಅವತ್ತು ಕಾದದ್ದನ್ನೂ ಹೇಳಿದೆ. ಎರಡು ಸಲ ನೀವು ಹೇಳಿದಿರಿ, ನಾನು ಆಟ ಅಂದುಕೊಂಡೆ ಅಂದೆ. ಅಳಬಾರದು ಅಂದುಕೊಂಡಿದ್ದೆ. ಆಗಲಿಲ್ಲ.

ಅವರು ಅಲ್ಲವೆಂಬಂತೆ ತಲೆಯಾಡಿಸಿದರು. ಮುಂದಿನ ಮಾತು ಬರಲು ಬಹಳ ಹೊತ್ತು ಹಿಡಿಯಿತು. ಹೊರಗೆ ತರಕಾರಿ ಗಾಡಿಯವನು ಬಂದು, ಕೂಗಿ, ಹೋದ.

"ನಂಗೂ... ಆಟ ಅಂತ್ಲೇ... ಅನ್ಸಿತ್ತು. ಕೈ... ಯಾಕೆ ಏಳಲ್ಲ... ಅಂತ." ಉಸಿರು ತೆಗೆದುಕೊಂಡರು. "ನೀನು... ನೋಡ್ದೆ. ನೋಡಿದ್... ತಕ್ಷಣ... ತಗೊಂಡೆ. ಈಗ... ನೋಡ್ದೇನೇ... ತಗೋತೀಯ."

ಆಮೇಲೆ, ಬಾಯಿಯ ಒಂದೇ ಬದಿಯಲ್ಲಿ ನಕ್ಕರು. "ಇಳಿಸೋವಾಗ... ಪಾಠ... ಚೆನ್ನಾಗಿತ್ತು. ಎಲ್ಲಾ... ಕೇಳಿಸ್ತು."

ಬರುವಾಗ ಆಂಟಿ ಗೇಟಿನ ಹತ್ತಿರ ಕೇಳಿದರು, "ಏನಂದ್ರು? ಏನೋ ಮಾತಾಡಿದ್ರಲ್ಲ?" ನಾನು ಹೇಳಿದೆ. ಆಂಟಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನನ್ನ ಹತ್ರ ಒಂದು ಮಾತೂ ಆಡಲ್ಲ ನೋಡು."

ಅಕ್ಟೋಬರ್ 25, ಶುಕ್ರವಾರ

ಮಳೆ, ಮಳೆ, ಮಳೆ. ಅಕ್ಟೋಬರ್ ಕೊನೆಯಲ್ಲೂ ಈ ಹಾಳು ಮಳೆ. ವಾರದಲ್ಲಿ ಒಂದೇ ಹಾರಾಟ. ಅನಿಲ್‌ಕುಮಾರ್ ಸರ್ ಇವತ್ತು ಮುನ್ಸೂಚನೆ ಕೊಡದೆ ತಪ್ಪು ಮಾಡಿದರು, ಕಷ್ಟಪಟ್ಟು ಕಲಿತಿದ್ದಾರೆ ಪಾಪ. ಅವರ ಹಣೆಯ ಮೇಲೆ ಬೆವರಿತ್ತು. ಸ್ಟಾಲ್ ಪಾಠ ಅವರಿಗೆ ಮೊದಲಿನಿಂದಲೂ ಇಷ್ಟವಿಲ್ಲವಂತೆ. ಇನ್‌ಸ್ಟ್ರಕ್ಟರ್ ಆಗಿಯೂ ಭಯವಾಗುತ್ತದೆ, ಯಾರಿಗೂ ಹೇಳಬೇಡಿ ಅಂದರು. ಎಂಥವರ ಕೈಗೆ ಸಿಕ್ಕಿದ್ದೇನೆ.

ಬಟ್ಟೆ ಒಣಗುತ್ತಿಲ್ಲ.

ನವೆಂಬರ್ 6, ಬುಧವಾರ

ಅದೇ ಪರೀಕ್ಷಕರು. ನೀರಿನ ಬಾಟಲಿಯನ್ನು ಈ ಸಲ ಹಿಂದಿನ ಸೀಟಿಗೆ ಹಾಕಿ ಬಂದಿದ್ದರು.

ಎಲ್ಲ ಸುಸೂತ್ರವಾಗಿ ನಡೆಯಿತು ಅನ್ನುವ ಹಾಗಿಲ್ಲ. ವಿವರಣೆಯಲ್ಲಿ ಎರಡು ಕಡೆ ತಡವರಿಸಿದೆ. ಒಂದು ಕಡೆ ಪುಸ್ತಕದ ಕ್ರಮವೇ ತಪ್ಪಿತು, ಯಾಕೆಂದರೆ ಅವರು ಕಂಟ್ರೋಲನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಅದನ್ನು ಬಿಡಿಸದೆ ಮುಂದಿನದು ಹೇಳಿ ಏನು ಪ್ರಯೋಜನ. ಎರಡೇ ಬೆರಳಲ್ಲಿ ಹಿಡಿಯಿರಿ, ಬಿಸಿ ಲೋಟ ಹಿಡಿದ ಹಾಗೆ ಅಂದೆ.

ಲ್ಯಾಂಡಿಂಗಿಗೆ ಬರುವಾಗ ಅವರು ವಿಮಾನವನ್ನು ಎಡಕ್ಕೆ ಸರಿಯಬಿಟ್ಟರು. ಹೇಳಿದೆ. ಸರಿಮಾಡಲಿಲ್ಲ. ಮುಖ ನೋಡಿದೆ, ಕೈ ನೋಡಿದೆ, ವೇಗ ನೋಡಿದೆ, ಎತ್ತರ ನೋಡಿದೆ. ಇನ್ನೂ ಸಮಯವಿತ್ತು. ಮತ್ತೆ ಹೇಳಿದೆ, ಬೇರೆ ಮಾತಲ್ಲಿ. ಸರಿಮಾಡಿದರು. ಅದಾದ ಮೇಲೆ, ಇನ್ನೇನು ನೆಲ ಸಿಗಬೇಕು ಅನ್ನುವಾಗ ಮೂತಿ ಜೋರಾಗಿ ಎಳೆದರು. ಅದಕ್ಕೆ ಸಮಯವಿರಲಿಲ್ಲ. ತೆಗೆದುಕೊಂಡೆ, ಇಳಿಸಿದೆ.

"ಮೊದಲ್ನೇದು ಯಾಕೆ ಬಿಟ್ರಿ, ಎರಡನೇದು ಯಾಕೆ ತಗೊಂಡ್ರಿ?"

"ಮೊದಲ್ನೇದನ್ನ ನೀವೇ ಮಾಡ್ತೀರಿ ಅನ್ಸ್ತು ಸರ್" ಅಂದೆ.

ಸಹಿ ಹಾಕಿದರು. ಅಮ್ಮನಿಗೆ ಫೋನ್ ಮಾಡಿದೆ. "ಆಯ್ತಾ? ಇನ್ನೇನೂ ಓದಂಗಿಲ್ವಾ?" ಅಂದಳು. ಇದರ ಮೇಲೂ ಇನ್ನೊಂದು ರೇಟಿಂಗ್ ಇದೆ ಅಂತ ಹೇಳಲಿಲ್ಲ.

ನವೆಂಬರ್ 10, ಭಾನುವಾರ

ನೆಲಮಂಗಲಕ್ಕೆ ಮೈಸೂರ್ ಪಾಕ್ ತೆಗೆದುಕೊಂಡು ಹೋಗಿದ್ದೆ. ಸರ್ ತಿನ್ನುವಂತಿಲ್ಲವಂತೆ, ನನಗೆ ಹೊಳೆದೇ ಇರಲಿಲ್ಲ. ಆಂಟಿಗೂ ನನಗೂ ಆಯಿತು. ಸರ್ ನೋಡುತ್ತಾ ಕೂತರು.

ಅವರ ಮಾತು ಮೊದಲಿಗಿಂತ ಸಲೀಸಾಗಿದೆ. ಪರೀಕ್ಷೆಯ ಕಥೆಯನ್ನು ಪೂರ್ತಿ ಹೇಳಿಸಿದರು. ಬಿಸಿ ಲೋಟದ ಮಾತು ಎಲ್ಲಿಂದ ಬಂತು ಅಂತ ಕೇಳಿದರು. ಗೊತ್ತಿಲ್ಲ ಸರ್ ಅಂದೆ. ಜನವರಿಯಿಂದ ಹಾರಾಟದ ಶಾಲೆಯಲ್ಲಿ ನೆಲದ ಮೇಲಿನ ಪಾಠ, ಅಂದರೆ ಕ್ಲಾಸು ತೆಗೆದುಕೊಳ್ಳಲು ಅವರನ್ನು ಕರೆದಿದ್ದಾರಂತೆ. ಹೋಗುತ್ತೀರಾ ಅಂದಾಗ ಕಿಟಕಿಯ ಹೊರಗೆ ನೋಡಿದರು. ಆ ಹೊತ್ತಿಗೆ ದೇವನಹಳ್ಳಿ ಕಡೆಗೆ ಒಂದು ವಿಮಾನ ಇಳಿಯುತ್ತಾ ಹೋಯಿತು. ನಾವಿಬ್ಬರೂ ಅದು ಕಾಣದಾಗುವವರೆಗೆ ನೋಡಿದೆವು. ಕಲಿಸುವ ಕೆಲಸ ಸಿಕ್ಕಿತೇ, ಏರ್‌ಲೈನ್ ಏನಾಯಿತು ಅಂತ ಆಂಟಿ ಕೇಳಿದರು. ಡಿಸೆಂಬರಿನಲ್ಲಿ ಒಂದು ಏರ್‌ಲೈನ್‌ನವರು ಪರೀಕ್ಷೆಗೆ ಕರೆದಿದ್ದಾರೆ. ಆದರೆ ಆಗ ನನಗೆ ಇಲ್ಲೇ ಶಾಲೆಯಲ್ಲಿ ಇಬ್ಬರು ಹೊಸ ವಿದ್ಯಾರ್ಥಿಗಳು ಬರುತ್ತಾರೆ, ನಡುವೆ ಬಿಟ್ಟು ಹೋಗುವುದು ಹೇಗೆ. ನೋಡಬೇಕು.

ಹೊರಟಾಗ ಸರ್ ಎದ್ದರು. ಗೇಟಿನವರೆಗೆ ಬರುತ್ತೇನೆ ಅಂದರು. ಆಂಟಿ ಬೇಡ ಅಂದರು, ಅವರು ಕೇಳಲಿಲ್ಲ. ಬಾಗಿಲ ಬಳಿ ಎಡಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಬೆರಳು ಪಟ್ಟಿಯ ಪಕ್ಕಕ್ಕೆ ಜಾರುತ್ತಿತ್ತು. ಆಂಟಿ ಹಾಕಿಕೊಡಲು ಬಗ್ಗಿದರು. ನಾನು ಆಂಟಿಯ ಕೈ ಹಿಡಿದು ತಡೆದು, ಅಂಗಳದ ಕರಿಬೇವಿನ ಗಿಡ ಎಷ್ಟು ವರ್ಷದ್ದು, ನಮ್ಮನೇಲಿ ಹಾಕಿದ್ದೆಲ್ಲ ಒಣಗುತ್ತೆ, ಏನು ಗೊಬ್ಬರ ಹಾಕ್ತೀರಿ ಅಂತ ಕೇಳಿದೆ. ಆಂಟಿ ಸಗಣಿ ಗೊಬ್ಬರದಿಂದ ಶುರುಮಾಡಿ ಹುಳಿಮಜ್ಜಿಗೆಯವರೆಗೆ ಎಲ್ಲ ಹೇಳಿದರು. ಸರ್ ಗೋಡೆಗೆ ಕೈ ಕೊಟ್ಟು, ಕಾಲೆತ್ತಿ, ಇಳಿಸಿ, ಮತ್ತೆ ಎತ್ತಿ, ಕೊನೆಗೆ ಚಪ್ಪಲಿ ಹಾಕಿಕೊಂಡರು. ಗೇಟಿನವರೆಗೆ ನಡೆದು ಬಂದರು.

ಅಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನದು ಬರುವುದು ಬಹಳ ತಡವಾಯಿತು, ಬಂದದ್ದರಲ್ಲಿ ಕೂರಲು ಜಾಗವಿಲ್ಲ. ದೊಡ್ಡಬಳ್ಳಾಪುರದವರೆಗೆ ನಿಂತೇ ಬಂದೆ. ಕಾಲು ನೋಯುತ್ತಿದೆ.